ಮಳೆ ಪುಸ್ತಕದ ಸೊನ್ನೆಗಳು

ಆ ಅರ್ಚಕರು ನನಗೆ ಅದನ್ನು ನಿಜವಾಗಿಯೂ ಹೇಳಿದರೋ, ಆಮೇಲೆ ನಾನೇ ಕಲ್ಪಿಸಿಕೊಂಡೆನೋ, ಖಚಿತವಾಗಿ ಹೇಳಲಾರೆ.

ತೊಂಬತ್ತರ ದಶಕದ ಕೊನೆ. ನಾನಾಗ ಸಂಶೋಧನಾ ವಿದ್ಯಾರ್ಥಿ. ಹವಾಮಾನ ಬದಲಾಗುತ್ತಿದೆಯೇ ಎಂದು ನಮ್ಮ ವಿಭಾಗದ ಇಬ್ಬರು ಮೇಷ್ಟ್ರುಗಳ ನಡುವೆ ಜಗಳ. ಹಳೇಬೀಡಿನ ಹತ್ತಿರ ಒಂದು ದೇವಸ್ಥಾನದ ಅಂಗಳದಲ್ಲಿ ಮಳೆಮಾಪಕವಿತ್ತು. ಅಲ್ಲಿನ ಅರ್ಚಕರು ಮೂವತ್ತು ವರ್ಷ ದಿನಾ ಬೆಳಿಗ್ಗೆ ಅದನ್ನು ನೋಡಿ ಪುಸ್ತಕದಲ್ಲಿ ಬರೆದಿದ್ದರು. ಮಳೆಗಾಲದ ನಡುವೆಯೇ ಅಲ್ಲಲ್ಲಿ ಸಾಲಾಗಿ ಹತ್ತು ಸೊನ್ನೆ. ಈಚಿನ ವರ್ಷಗಳಲ್ಲಿ ಹೆಚ್ಚು.

ಅವರಲ್ಲೊಬ್ಬರು ನನ್ನ ಗೈಡ್; ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆಯವರು, ಲಿಂಗಾಯತ ಮಠದ ಭಕ್ತರು. ಮಳೆ ಕೈಕೊಡುತ್ತಿರುವುದಕ್ಕೆ ಈ ಸೊನ್ನೆಗಳೇ ಸಾಕ್ಷಿ ಎಂದರು. ಇನ್ನೊಬ್ಬರು ಬೇಲೂರು ಕಡೆಯ, ಬೌದ್ಧರಾದ ದಲಿತ ಕುಟುಂಬದವರು. ಅವರು ನಕ್ಕುಬಿಟ್ಟರು.

"ಅದು ಸೂತಕ ಸಾರ್. ಮನೇಲಿ ಸಾವಾದ್ರೆ ಅರ್ಚಕರು ಹತ್ತು ದಿನ ದೇವಸ್ಥಾನದೊಳಗೆ ಕಾಲಿಡಲ್ಲ. ಮಾಪಕ ಯಾರು ನೋಡ್ತಾರೆ?"

"ನಮ್ಮಲ್ಲಿ ಸೂತಕಾನೇ ಇಲ್ಲ ಕಣ್ರೀ. ಮಳೆ ಅಳೆಯೋಕೂ ಮೈಲಿಗೆ ಅಂತೀರಾ?"

"ನಿಮ್ಮಲ್ಲಿಲ್ಲ, ಸರಿ. ಬಾಗಿಲಾಚೆ ನಿಲ್ಲಿಸಿಕೊಂಡ ನಮಗೆ ಒಳಗಿನ ನಿಯಮ ಚೆನ್ನಾಗಿ ಗೊತ್ತು."

ವಿಚಾರಿಸಿಕೊಂಡು ಬರಲು ಗೈಡ್ ನನ್ನನ್ನು ಕಳಿಸಿದರು. ಅರ್ಚಕರು ಮನೆಯ ಜಗಲಿಯ ಮೇಲೆ ಕೂತಿದ್ದರು. ನನ್ನ ನೆನಪಿನಲ್ಲಿ ಅವರು ಹೇಳಿದ್ದು ಇಷ್ಟು:

"ಸೂತಕದ ದಿನ ಖಾಲಿ ಬಿಟ್ರೆ ಮಳೆ ಲೆಕ್ಕದ ಆಫೀಸಿನೋರು ಪುಸ್ತಕ ವಾಪಸ್ ಕಳಿಸ್ತಿದ್ರು. ಅದಕ್ಕೆ ಸೊನ್ನೆ ಹಾಕ್ದೆ. ಮಿಕ್ಕ ದಿನ ಒಂದು ಬೆಳಗ್ಗೇನೂ ತಪ್ಪಿಸಿಲ್ಲ ಸ್ವಾಮಿ. ನನ್ನ ಪುಸ್ತಕ ಸುಳ್ಳು ಅಂತ ಮಾತ್ರ ಬರೀಬೇಡಿ."

ನಾನು ಅದನ್ನು ಅಲ್ಲೇ ಬರೆದುಕೊಳ್ಳಲಿಲ್ಲ. ವಾರ ಕಳೆದು ವರದಿಗೆ ಕೂತಾಗ, ಇದು ಅವರ ಮಾತೋ, ಬೇಲೂರಿನ ಮೇಷ್ಟ್ರು ಮೊದಲೇ ನನ್ನ ತಲೆಗೆ ತುಂಬಿದ್ದೋ ಎಂಬ ಅನುಮಾನ ಹತ್ತಿತು. ಸೂತಕ ಎಂದು ಬರೆದಿದ್ದರೆ ಆ ದಿನಗಳನ್ನಷ್ಟೇ ಬಿಟ್ಟು ಉಳಿದದ್ದನ್ನು ಬಳಸಬಹುದಿತ್ತು. ನಾನು ಬರೆದದ್ದು: "ಸೊನ್ನೆಗಳ ಕಾರಣ ಖಚಿತವಿಲ್ಲ. ಇಡೀ ದಾಖಲೆ ನಂಬಲರ್ಹವಲ್ಲ." ಅದಕ್ಕೆ ಇಬ್ಬರು ಮೇಷ್ಟ್ರೂ ತಕರಾರಿಲ್ಲದೆ ಸಹಿ ಹಾಕಿದರು. ತನ್ನ ವಾದ ಸೋಲಲಿಲ್ಲವೆಂದು ಒಬ್ಬೊಬ್ಬರಿಗೂ ಸಮಾಧಾನ.

ಮರುವರ್ಷ ಆ ವರದಿ ನೋಡಿ ಆಫೀಸಿನವರು ಮಾಪಕವನ್ನು ಕಿತ್ತುಕೊಂಡು ಹೋದರು. ಅರ್ಚಕರು ಸುಳ್ಳು ಲೆಕ್ಕ ಬರೆದರೆಂದು ಊರಲ್ಲಿ ಆಡಿಕೊಂಡರಂತೆ. ನಮ್ಮ ವಿಭಾಗ ತರಿಸಿಕೊಂಡಿದ್ದ ಪುಸ್ತಕವನ್ನು ವಾಪಸ್ ಕೇಳಿ ಅವರು ಎರಡು ಕಾಗದ ಬರೆದರು. ಅಷ್ಟರಲ್ಲಿ ಅದು ರದ್ದಿಗೆ ಹೋಗಿತ್ತು. ಮೂರನೆಯ ಕಾಗದ ಬರಲಿಲ್ಲ.

ಅವರು ತೀರಿಕೊಂಡ ಸುದ್ದಿ ಕೇಳಿದ ಮೇಲೆ, ಪುಸ್ತಕದಿಂದ ನಾನು ಮಾಡಿಕೊಂಡಿದ್ದ ನಕಲು ಹಿಡಿದು ಆ ಊರಿನ ಮರಣ ದಾಖಲೆ ನೋಡಲು ಹೋದೆ. ಅವರ ತಾಯಿ ಸತ್ತದ್ದು ಒಂದು ಮಳೆಗಾಲದಲ್ಲಿ. ಮರುದಿನದಿಂದ ನಕಲಿನಲ್ಲಿ ಹತ್ತು ಸೊನ್ನೆಗಳಿವೆ.