ಮಗಳು ತೆಗೆಸಿದ ನನ್ನ ತಲೆಯ ಚಿತ್ರ

ನಮ್ಮ ಮನೆತನದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆದವಳು ನಾನು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಬೇಕು. ಎಳೆಯ ಕುತ್ತಿಗೆ ಹಿಡಿಯುವುದು ಎಲ್ಲರಿಗೂ ಬರುವುದಿಲ್ಲ. ಮೊಮ್ಮಗಳು ಬಸಿರಾದಾಗ, ಅವಳ ಕೂಸಿಗೂ ನಾನೇ ಎರೆಯುವುದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನಾನಿರುವುದು ಕಲ್ಲೋಳಿಯಲ್ಲಿ, ಮಗನ ಮನೆಯಲ್ಲಿ. ಮಗಳನ್ನು ಕೊಟ್ಟದ್ದು ಬೆಲ್ಲದ ಬಾಗೇವಾಡಿಗೆ. ಮೊಮ್ಮಗಳು ಅಂದರೆ ಅವಳ ಮಗಳು, ಹೆರಿಗೆಗೆ ತವರಿಗೆ ಬಂದಿದ್ದಳು. ತಿಂಗಳು ತುಂಬುವ ಮೊದಲೇ ಮಗಳು ಕಲ್ಲೋಳಿಗೆ ಬಂದಳು.

"ಯವ್ವಾ, ತಲಿ ನೋಯ್ತೈತಿ ಅಂತಿದ್ದಿಯಲ್ಲ. ಗೋಕಾಕದಾಗ ತೋರ್ಸೂಣು ನಡಿ."

"ತಲಿನೋವಿಗೆ ಗೋಕಾಕ ಯಾಕ? ಇಲ್ಲೇ ಗುಳಿಗಿ ಸಿಗ್ತಾವು."

"ಒಮ್ಮಿ ಫೋಟೋ ತಗಸಿದ್ರ ನಿನಗೂ ಸಮಾಧಾನ, ನನಗೂ ಸಮಾಧಾನ."

ನನ್ನ ನೋವಿನ ಬಗ್ಗೆ ಮಗಳಿಗೆ ಕಾಳಜಿ ಎಂದುಕೊಂಡು ಹೋದೆ. ದೊಡ್ಡ ಕೊಳವೆಯೊಳಗೆ ನನ್ನನ್ನು ತೂರಿಸಿದರು. ಹಿಟ್ಟಿನ ಗಿರಣಿಗೆ ತಲೆ ಕೊಟ್ಟ ಹಾಗೆ ಸದ್ದು. ಆಮೇಲೆ ಡಾಕ್ಟರು ಕೂರಿಸಿಕೊಂಡು ಕೆಲವು ಮಾತು ಹೇಳಿ ನೆನಪಿಡಿ ಎಂದರು, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳಿದರು. ಇವತ್ತು ಯಾವ ದಿನ ಎಂದರು. ವಾರವನ್ನೂ ಹೇಳಿದೆ, ಅಮಾವಾಸ್ಯೆ ಯಾವಾಗ ಬರುತ್ತದೆ ಎಂದೂ ಹೇಳಿದೆ. ತಲೆನೋವಿಗೆ ಇದೆಲ್ಲ ಯಾಕೆ ಎಂದು ನನಗೆ ಹೊಳೆಯಲಿಲ್ಲ.

ಕೂಸು ಹುಟ್ಟಿತು. ನಾನು ಚೀಲ ಕಟ್ಟಿಕೊಳ್ಳುತ್ತಿದ್ದಾಗ ಮಗಳ ಫೋನು ಬಂತು.

"ಯವ್ವಾ, ರಿಪೋರ್ಟ್ ಬಂದೈತಿ. ಆಧಾರ ಕಾರ್ಡಿನಾಗ ನಿನಗ ಅರವತ್ತಾರು ವರ್ಷ. ಮೆದುಳಿಗೆ ಎಪ್ಪತ್ತೈದು ಅಂತ."

"ನನಗಿಂತ ಮೊದಲ ಹುಟ್ಟೇತೇನ ಅದು?"

"ಚ್ಯಾಷ್ಟಿ ಬ್ಯಾಡ ಯವ್ವಾ. ಈ ಸಲ ನೀ ಎರೀಬ್ಯಾಡ. ಕೈಯಾಗಿಂದ ಕೂಸು ಜಾರಿದ್ರ ಏನ್ ಮಾಡೂದು? ಬಾಜೂ ಓಣಿ ಹೆಣ್ಮಗಳಿಗೆ ಹೇಳೇನಿ."

"ಡಾಕ್ಟರ್ ಎರೀಬ್ಯಾಡ ಅಂದ್ರೇನ?"

"ಹ್ಞೂಂ, ಅಂದ್ರು."

ಕಟ್ಟಿದ ಚೀಲವನ್ನು ಬಿಚ್ಚಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಅಂಜಿಕೆ ಹುಟ್ಟಿತು. ಹಿಂದಿನ ಬೇಸಿಗೆಯಲ್ಲಿ ಮಗಳ ಮನೆಯಲ್ಲಿ ಹಾಲಿಟ್ಟು ಮರೆತಿದ್ದೆ. ಹಾಲು ಉಕ್ಕಿ ಗ್ಯಾಸು ಆರಿ, ಮನೆಯೆಲ್ಲ ವಾಸನೆ ತುಂಬಿದರೂ ನನಗೆ ಗೊತ್ತಾಗಿರಲಿಲ್ಲ. ಯಂತ್ರ ಹೇಳಿದ್ದು ಖರೆ ಇರಬಹುದು. ಖರೆಯಾದರೆ ಡಾಕ್ಟರು ನನ್ನ ಎದುರಿಗೇ ಹೇಳಲಿ ಎಂದು ಬಸ್ಸು ಹತ್ತಿ ಗೋಕಾಕದಲ್ಲಿ ಇಳಿದೆ.

"ಮೆದುಳಿಗೆ ಎಪ್ಪತ್ತೈದು ಅಂದ್ರ ಏನ್ರಿ? ನನಗ ತಿಳಿಯೂಹಂಗ ಹೇಳ್ರಿ."

ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದರು. ವಯಸ್ಸು ಗೊತ್ತಿದ್ದ ಸಾಕಷ್ಟು ಜನರ ತಲೆಯ ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿರುತ್ತಾರಂತೆ. ಮೆದುಳು ಎಲ್ಲಿ ಸಣ್ಣಗಾಗಿದೆ, ಎಲ್ಲಿ ಸವೆದಿದೆ ಎಂದು ನೋಡಿ, ನನ್ನದು ಯಾವ ವಯಸ್ಸಿನವರ ತಲೆಯನ್ನು ಹೋಲುತ್ತದೆ ಎಂದು ಅದು ಅಂದಾಜು ಮಾಡುತ್ತದಂತೆ.

"ನಾವು ಕುರಿ ಹಲ್ಲು ನೋಡಿ ವಯಸ್ಸ ಹೇಳ್ತೇವ್ರಿ. ಹಂಗ ಏನು?"

"ಹಂಗ ಅನ್ರಿ ಅಮ್ಮಾ."

"ಕಲ್ಲನೆಲದಾಗ ಮೇಯ್ದ ಕುರಿಗೆ ಹಲ್ಲು ಲಗೂ ಸವೀತಾವ್ರಿ. ಹಲ್ಲು ಸವದೈತಂತ ಮರಿ ಹಾಕೂದು ಬಿಡೂದಿಲ್ಲ ಅದು."

ಅವರು ನಕ್ಕರು. "ನಿಮಗ ಬಿಪಿ ಐತೆಲ್ಲ, ಅದೂ ಆ ಕಲ್ಲಿನಂಗ ಮೆದುಳು ಸವಸಿರಬಹುದು. ಮೆದುಳು ವಯಸ್ಸಿಗಿಂತ ಮುದಿ ಕಂಡೋರ್ನ ಎಲ್ಲಾ ಕೂಡಿಸಿ ನೋಡಿದ್ರ ಮರವು ಒಂದೀಟು ಹೆಚ್ಚು ಇರ್ತೈತಿ, ಅದು ಖರೆ. ಆದ್ರ ಒಬ್ಬರ ಬುದ್ಧಿ ಹೆಂಗೈತಿ ಅಂತ ಬರೀ ಚಿತ್ರ ನೋಡಿ ಹೇಳಾಕ ಬರೂದಿಲ್ರಿ. ಅದಕ್ಕ ಅವತ್ತು ನಿಮಗ ಮಾತು ಕೇಳಿದ್ದು. ಚಲೋ ಹೇಳಿದ್ರಿ ನೀವು."

ನಾನು ಇನ್ನೊಂದು ಸಂಗತಿ ಹೇಳಿದೆ. ಕಾರ್ಡು ಮಾಡಿಸುವಾಗ ಹುಟ್ಟಿದ ದಿನ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬರೆಯುವವನು ನಮ್ಮ ಮುಖ ನೋಡಿ ಒಂದು ವರ್ಷ ಹಾಕಿದ, ಎಲ್ಲರಿಗೂ ಜನವರಿ ಒಂದು ಎಂದು ಬರೆದ. ನಮ್ಮ ಇಡೀ ಓಣಿ ಒಂದೇ ದಿನ ಹುಟ್ಟಿದ್ದು.

ಡಾಕ್ಟರು ಚಿತ್ರವನ್ನು ಕೆಳಗಿಟ್ಟರು. "ಹಂಗಾದ್ರ ನಿಮಗಿಂತ ಅದು ಎಷ್ಟು ದೊಡ್ಡದು ಅಂತ ನಾ ಹೆಂಗ ಹೇಳ್ಲಿ?"

"ಮತ್ತ ಕೂಸಿಗೆ ಎರೀಬ್ಯಾಡ ಅಂದ್ರಂತಲ್ಲ?"

"ನಾನ? ನಿಮ್ಮ ಮಗಳು ಅದನ್ನ ಕೇಳಿದ್ರು. ಎರೀಲಿ, ಬಾಜೂ ಒಬ್ಬರು ಇರ್ಲಿ ಅಂದೆ."

ಅಲ್ಲಿಂದ ಬಾಗೇವಾಡಿಗೆ ಹೋಗುವ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಎಲ್ಲ ಸಾಲಾಗಿ ಕಾಣತೊಡಗಿತು. ಚಿತ್ರ ತೆಗೆಸಿದ್ದು ನನ್ನ ನೋವಿಗಲ್ಲ. ಎರೆಯಬೇಡ ಎನ್ನಲು ಅವಳಿಗೆ ಒಂದು ಕಾರಣ ಬೇಕಿತ್ತು.

ಮಗಳು ತೊಟ್ಟಿಲ ಬಳಿ ಕೂಸಿನ ಬಟ್ಟೆ ಮಡಚುತ್ತಿದ್ದಳು.

"ಡಾಕ್ಟರ್ ಎರೀಲಿ ಅಂದಿದ್ರಂತ."

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. "ಅಂದಿದ್ರು."

"ಮತ್ತ?"

"ಆ ಗ್ಯಾಸಿನ ವಾಸನಿ ಬಂದಾಗಿಂದ ನನಗ ಅಂಜಿಕಿ ಯವ್ವಾ. ನಿನ್ನ ಮಾರಿ ನೋಡಿ ಬ್ಯಾಡ ಅಂತ ಹೆಂಗ ಹೇಳ್ಲಿ? ಮಷಿನ್ ಹೇಳಿದ್ರ ಕೇಳ್ತಿ ಅನ್ಕೊಂಡೆ."

"ಮಷಿನ್ ಹೇಳ್ಲಿಲ್ಲ. ನೀ ಹೇಳಿದಿ, ಅದರ ಬಾಯಿಲೆ."

ಒಳಗೆ ಮಲಗಿದ್ದ ಬಾಣಂತಿ ಮೊಮ್ಮಗಳ ದನಿ ಬಂತು; ನನ್ನನ್ನು ಅವಳು ಆಯಿ ಎನ್ನುತ್ತಾಳೆ. "ನಾಳೆ ಆಯಿನೇ ಎರೀಲಿ ಬಿಡಬೇ. ಇಬ್ಬರೂ ಸುಮ್ನಾಗ್ರಿ, ಕೂಸು ಏಳ್ತೈತಿ."

ಮರುದಿನ ಬೆಳಿಗ್ಗೆ ಮಗಳೇ ಮಣೆ ಹಾಕಿದಳು, ನೀರು ಹದ ಮಾಡಿದಳು. ಕೂಸನ್ನು ಕಾಲ ಮೇಲೆ ಹಾಕಿಕೊಂಡೆ. ಕುತ್ತಿಗೆ ಹಿಡಿಯಲು ನನ್ನ ಕೈಗೆ ಯಾರೂ ನೆನಪು ಮಾಡಿಕೊಡಬೇಕಾಗಲಿಲ್ಲ. ಬೆನ್ನು ತಿಕ್ಕಿದೆ, ತೋಳು ಮಡಚಿ ಬಿಡಿಸಿದೆ, ಕಣ್ಣಿಗೆ ನೀರು ಇಳಿಯದಂತೆ ಹಣೆಗೆ ಅಂಗೈ ಅಡ್ಡ ಇಟ್ಟು ತಲೆಗೆ ಹೊಯ್ದೆ. ಕೂಸು ಅತ್ತು ಅತ್ತು ಸುಮ್ಮನಾಯಿತು.

ಮಗಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಒಬ್ಬರು ಇರಲಿ ಎಂದಿದ್ದರು ಡಾಕ್ಟರು, ಅದು ನ್ಯಾಯವೇ. ಆದರೆ ಅವಳು ಕೂಸನ್ನು ಒಮ್ಮೆಯೂ ನೋಡಲಿಲ್ಲ. ಮೊದಲಿಂದ ಕಡೆಯವರೆಗೂ ನೋಡಿದ್ದು ನನ್ನ ಬೆರಳುಗಳನ್ನು. ಅವಳ ಎರಡೂ ಅಂಗೈ ನನ್ನ ಮೊಣಕಾಲ ಪಕ್ಕದಲ್ಲಿ, ಕೂಸು ಜಾರಿದರೆ ಹಿಡಿಯಲು, ತೆರೆದುಕೊಂಡೇ ಇದ್ದವು.

ಕೂಸನ್ನು ಬಟ್ಟೆಯಲ್ಲಿ ಸುತ್ತಿ ಆ ಕೈಗಳಿಗೇ ಕೊಟ್ಟೆ.

"ನಾಳಿಂದ ಆ ಹೆಣ್ಮಗಳನ್ನ ಕರಿ."

"ಯಾಕ ಯವ್ವಾ? ಚಲೋ ಎರದಿಯಲ್ಲ."

"ನನಗ ಗೊತ್ತೈತಿ. ನಿನ್ನ ಕೈಗೆ ಗೊತ್ತಿಲ್ಲ."

ಅವಳು ಇರು ಎಂದಳು, ಊಟ ಮಾಡಿ ಹೋಗು ಎಂದಳು. ಊಟ ಮಾಡಿದೆ, ಇರಲಿಲ್ಲ. ಕೂಸು ಆರಾಮಿದೆಯಲ್ಲ, ಅಷ್ಟು ಸಾಕು ಎನ್ನುತ್ತಾರೆ ಕೇಳಿದವರು. ನನಗೆ ಸಾಕಾಗಿಲ್ಲ.