ಟರ್ಬೊ ಟ್ರ್ಯಾಕ್ಟರಿಗೊಂದು ತಂಬಿಗೆ ನೀರು

ಮನೆ ಮುಂದೆ ಕಾರು ನಿಲ್ಲಿಸಿದ ಮೇಲೂ ನಾನು ಎಂಜಿನ್ ಬಂದ್ ಮಾಡದೆ ಕೂತಿರುತ್ತೇನೆ. ಇವತ್ತೂ ಮಗಳು ಬಾಗಿಲಿಗೆ ಬಂದು, “ಅವ್ವಾ, ಯಾರನ್ನ ಕಾಯಾಕತ್ತೀದಿ?” ಎಂದು ಮುಖ ಗಂಟಿಕ್ಕಿದಳು. ಕಾದ ಆಯಿಲಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಶಹಾಪುರದ ಈ ಓಣಿಯಿಂದ ನಾನು ಸೀದಾ ಗೋಗಿಗೆ, ಸೋದರಮಾವನ ಅಂಗಳಕ್ಕೆ ಹೋಗಿಬಿಟ್ಟೆ. ಕಾರಿನ ಕಿಟಕಿಯಿಂದಲೇ ಮಗಳಿಗೆ ಕತೆ ಶುರು ಮಾಡಿದೆ. ನೀವೂ ಕೇಳಿ.

ಆಗ ನಾನು ಗೋಗಿ ಶಾಲೆಯ ಹೊಸ ಟೀಚರು. ಊಟ, ವಸತಿ ಮಾವನ ಮನೆಯಲ್ಲೇ. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ಮಾವ ಒಂದು ಹಳೆಯ ಟರ್ಬೊ ಟ್ರ್ಯಾಕ್ಟರ್ ತಂದು, ಮಣ್ಣು ಕಲಸುವ ರೋಟಾವೇಟರ್ ಕಟ್ಟಿದ. ನೀರು ನಿಂತ ಎರೆಮಣ್ಣು ಅದರ ಕೈಗೆ ದಕ್ಕಲಿಲ್ಲ. ಗದ್ದೆಯ ನಡುವೆ ಗುಟುರುಹಾಕಿ ನಿಂತುಬಿಡುತ್ತಿತ್ತು. ನಾಟಿಯ ಸಸಿ ಬಲಿಯತೊಡಗಿತ್ತು. ನೀರಿನ ಸರದಿ ಮುಗಿಯುವುದರೊಳಗೆ ನಾಟಿಯಾಗದಿದ್ದರೆ ನಮ್ಮ ಮನೆಯ ಮೊದಲ ಭತ್ತ ಹೋದಂತೆಯೇ.

“ಖಾಜಾ, ಇದರ ತಾಕತ್ ಏರಸು,” ಎಂದ ಮಾವ.

ಭೀಮರಾಯನಗುಡಿಯ ಟ್ರ್ಯಾಕ್ಟರ್ ಮಿಸ್ತ್ರಿ ಖಾಜಾಸಾಬ್ ಮಹಾ ಮಾತುಗಾರ. ಚಹಾ ಬರದೆ ಬಾನೆಟ್ ಎತ್ತುತ್ತಿರಲಿಲ್ಲ. “ಏರಸ್ತೀನ್ರಿ ಗೌಡ್ರ. ಡೀಸೆಲ್ ಪಂಪಿನ ಸ್ಕ್ರೂ ತಿರುವೋದು ಸಸಾರ. ಆದ್ರ ಡೀಸೆಲ್ ಹೆಚ್ಚಾದ್ರ ಬಿಸೀನೂ ಹೆಚ್ಚು. ಮೊದ್ಲ ತಂಪಿನ ದಾರಿ ನೋಡೂಣ್ರಿ.”

ರೇಡಿಯೇಟರಿಗೆ ಮೆತ್ತಿದ್ದ ಹೊಟ್ಟು ತೊಳೆದ, ಗಾಳಿಯ ಫಿಲ್ಟರ್ ಬದಲಿಸಿದ, ಹೊಸ ಆಯಿಲ್ ಹಾಕಿದ. ಆಮೇಲೆ ಸ್ಕ್ರೂ ತುಸು ತಿರುವಿ, ಗದ್ದೆಯಲ್ಲಿ ಓಡಿಸಿ ಹೊಗೆ ನೋಡಿದ. ಮತ್ತೆ ತುಸು. ಹೊಗೆ ಕಪ್ಪಾದದ್ದೇ ಸ್ಕ್ರೂ ಹಿಂದಕ್ಕೆ ತಂದು ಕೈ ಒರೆಸಿಕೊಂಡ.

“ಇನ್ನೊಂದೀಟು!” ಮಾವ ಗೋಗರೆದ.

“ಸಾಕ್ರಿ. ಇದರ ಮ್ಯಾಲ ಏರಿಸಿದ್ರ ಸುಡೂ ಎಂಜಿನ್ ನಿಮ್ದು, ಪಾಪ ನಂದು.”

ಟ್ರ್ಯಾಕ್ಟರ್ ಎರೆಮಣ್ಣನ್ನು ಕಲಸಿ ಹಾಕತೊಡಗಿತು. ಮಾವನ ಖುಷಿ ಕೇಳಬೇಡಿ. ಆದರೆ ಡೀಸೆಲ್ ಉಳಿಸುವ ಚಟ ಅವನನ್ನು ಬಿಡಬೇಕಲ್ಲ! ಬರುವಾಗ ಕಾಲುವೆಯ ಏರಿಯ ಮೇಲೆಯೇ ಎಂಜಿನ್ ಬಂದ್ ಮಾಡಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿಕೊಂಡು ಅಂಗಳಕ್ಕೆ ಬರುತ್ತಿದ್ದ. ಮೀಸೆಯಡಿ ನಗು ಬೇರೆ. ಗೋಗಿಯಲ್ಲಿ ಯಾರು ಹಾಗೆ ಮಾಡುತ್ತಿರಲಿಲ್ಲ, ನೀವೇ ಹೇಳಿ.

ಕೆಲಸ ಹೇಗಿದೆ ನೋಡಲು ಬಂದ ಖಾಜಾಸಾಬ್ ಇದನ್ನು ಕಂಡವನೇ ತಲೆ ಚಚ್ಚಿಕೊಂಡ. “ಯಾ ಅಲ್ಲಾ! ಟರ್ಬೊ ಒಳಗ ಕೆಂಡ ಆಗ್ಯಾದ, ಎಂಜಿನ್ನಿಗಿ ಗಾಳಿ ತುರುಕೂ ಅದರ ಚಕ್ರ ಇನ್ನಾ ತಿರಗಾಕತ್ತದ. ಎಂಜಿನ್ ನಿಂತ್ರ ಅದಕ್ಕ ಆಯಿಲ್ ಎಲ್ಲಿಂದ ಬರಬೇಕ್ರಿ? ಸುಟ್ಟು ಹೋಗ್ತದ! ಮನಿಗಿ ಬಂದ ಮ್ಯಾಲ ಸ್ವಲ್ಪ ಹೊತ್ತು ಸುಮ್ನ ನಡೀಲಿ ಬಿಡ್ರಿ.”

“ಸುಮ್ನ ಡೀಸೆಲ್ ಸುಡ್ಲೇನು? ಎಷ್ಟ್ ಹೊತ್ತು?” ಮಾವ ಸಿಡುಕಿದ.

ಅಡುಗೆಮನೆಯಿಂದ ಮಾವನ ಹೆಂಡತಿ, ನಮ್ಮ ಅತ್ತಿ, ಹೊರಗೆ ಬಂದಳು. “ನಾ ತಂಬಗಿ ನೀರು ತರೂ ತನಕ. ಕೈಕಾಲು ತೊಳಕೊಂಡು, ನೀರು ಕುಡದು, ಆಮ್ಯಾಲ ಬಂದ್ ಮಾಡ್ರಿ.”

ಅವತ್ತಿನಿಂದ ಅದೇ ಪದ್ಧತಿಯಾಯಿತು. ಅತ್ತಿ ಬೇಕೆಂದೇ ನಿಧಾನ ಮಾಡುತ್ತಿದ್ದಳು. “ಲಗೂ ತಾರ!” ಎಂದು ಮಾವ ಕೂಗಿದರೆ, “ತಡೀರಿ, ಅದು ಇನ್ನಾ ದಣದದ,” ಎಂದು ಒಳಗಿನಿಂದಲೇ ಹೇಳುವಳು. ನೀರಿನ ಸರದಿಗೆ ಜಗಳಾಡಿ ಬೆಂಕಿಯಾಗಿ ಬಂದ ಮಾವನೂ ಅಷ್ಟರಲ್ಲಿ ತಣ್ಣಗಾಗುತ್ತಿದ್ದ. ಆ ಸುಖ ಅನುಭವಿಸಿದವಳು ನಾನು.

ಸರದಿ ಮುಗಿಯುವ ಮುನ್ನವೇ ನಾಟಿ ಮುಗಿಯಿತು. ಟರ್ಬೊ ಸುಡಲಿಲ್ಲ. ಮೊದಲ ಭತ್ತದ ಅಕ್ಕಿಯನ್ನು ಅತ್ತಿ ನಮ್ಮ ಒಲೆಗೇರಿಸುವ ಮೊದಲೇ ಖಾಜಾಸಾಬನ ಮನೆಗೆ ಕಳಿಸಿದಳು. ಅವನು ತಾಕತ್ತು ಕೊಟ್ಟ, ಅವಳು ಅದನ್ನು ಉಳಿಸಿದಳು. ಆ ಅನ್ನ ಉಂಡ ನಾನು ಇಬ್ಬರನ್ನೂ ಮರೆಯಲಾರೆ.

ಅತ್ತಿ ಈಗಿಲ್ಲ. ಇವತ್ತು ನಾನು ಶಾಲೆಯ ಮೀಟಿಂಗಿನಲ್ಲಿ ಜಗಳಾಡಿ ಕುದಿಯುತ್ತ ಬಂದಿದ್ದೆ. ಕತೆ ಮುಗಿದಾಗ ಮಗಳು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ.

“ಏನ್ ಮಾಡಾಕತ್ತೀದಿ ಒಳಗ?” ಎಂದು ಕೂಗಿದೆ.

“ನೀರು ತರಾಕತ್ತೀನಿ. ತಡಿ ಅವ್ವಾ, ನೀ ಇನ್ನಾ ದಣದೀದಿ.”