ಸೀಳಿನೊಳಗಿನ ಮಸಿ

“ಮಾಳಿಗೆ ಸಣ್ಣೀರಪ್ಪ ಸಲಿಕೆ ಹಾಕಿ ರುದ್ರಣ್ಣನ ಮನೆಯ ತೊಲೆ ಮುರಿದ.” ತುರುವನೂರಿನಲ್ಲಿ ಈ ಮಾತನ್ನು ಇಂದಿಗೂ ಹೇಳುವವರಿದ್ದಾರೆ. ಸ್ವಾತಂತ್ರ್ಯ ಚಳವಳಿಯಲ್ಲಿ ಸರ್ಕಾರದ ಈಚಲು ಮರ ಕಡಿದೆವೆಂದು ಹೇಳಿಕೊಳ್ಳುವವರನ್ನೆಲ್ಲ ಸೇರಿಸಿದರೆ ಮರಗಳಿಗಿಂತ ಕಡಿದವರೇ ಹೆಚ್ಚಾಗುತ್ತಾರೆಂದು ಹಿಂದೊಮ್ಮೆ ಆಡಿ, ಹಿರಿಯರಿಂದ ಬೈಸಿಕೊಂಡವನು ನಾನು. ತೊಲೆಯ ಮಾತನ್ನೂ ನಾನು ಒಪ್ಪುವುದಿಲ್ಲ. ಆ ರುದ್ರಣ್ಣ ನಾನೇ.

ಸಣ್ಣೀರಪ್ಪ, ನಮಗೆಲ್ಲ ಸಣ್ಣೀರಜ್ಜ, ಕಿವಿಯಿಂದ ಕೇಳುತ್ತಿದ್ದುದಕ್ಕಿಂತ ಹಿಮ್ಮಡಿಯಿಂದ ಕೇಳುತ್ತಿದ್ದುದು ಹೆಚ್ಚು. ಮಾಳಿಗೆ ಹತ್ತುವ ಮುಂಚೆ ಮೆಟ್ಟುಗಳನ್ನು ಏಣಿಯ ಬುಡದಲ್ಲಿ ಬಿಟ್ಟು, ಮೇಲೆ ಬರಿಗಾಲಿನಲ್ಲಿ ನಿಧಾನವಾಗಿ ನಡೆಯುತ್ತಿದ್ದರು. ಮೂರು ಹೆಜ್ಜೆಗೊಮ್ಮೆ ನಿಂತು ಹಿಮ್ಮಡಿಯನ್ನು ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಕೆಳಗೆ ನಿಂತವರು ಕೆಮ್ಮಿದರೂ ಸಿಡುಕುತ್ತಿದ್ದರು. ಮಳೆಗಾಲದಲ್ಲಿ ಕುರಿ ಮೇಯಿಸುವುದು, ಬೇಸಗೆಯಲ್ಲಿ ಊರವರ ಮಾಳಿಗೆ ಸರಿಮಾಡುವುದು. ಈ ಎರಡನ್ನು ಬಿಟ್ಟು ಮೂರನೆಯ ಸಂಗತಿಯ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳಿಗೆ ಹೆಂಚಿಲ್ಲ, ಮಟ್ಟಸವಾದ ಮಣ್ಣಿನ ಮಾಳಿಗೆಯೇ ಸೂರು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಮಣ್ಣು; ಎಲ್ಲದರ ಮೇಲೆ, ನೀರು ಇಳಿಯದಂತೆ ಬಿಳಿಯ ಕರ್ಲು ಮಣ್ಣು. ಮುಂಗಾರಿಗೆ ಮುನ್ನ ಪ್ರತಿ ಮನೆಯವರೂ ಕೆಲವು ಪುಟ್ಟಿ ಕರ್ಲನ್ನು ಹೊತ್ತು ಮೇಲೆ ಹರಡುವುದು ವಾಡಿಕೆ. ನನ್ನಜ್ಜ ಹರಡಿದ್ದರು, ನನ್ನಪ್ಪ ಹರಡಿದ್ದರು, ನಾನೂ ಹರಡಿದೆ. ಹಳೆಯದನ್ನು ಕೆರೆದು ತೆಗೆಯಬೇಕೆಂಬುದು ನಮ್ಮ ಮೂವರಿಗೂ ಹೊಳೆದಿರಲಿಲ್ಲ. ವರ್ಷ ತಪ್ಪದೆ ಮಣ್ಣು ಹಾಕುವ ಮನೆ ನಮ್ಮದೆಂಬ ಜಂಬ ಬೇರೆ.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷಗಳಾಗಿದ್ದವು. ನನ್ನ ಮೊದಲ ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಮನೆಯನ್ನು ಒಮ್ಮೆ ಪೂರ್ತಿ ಸರಿಮಾಡಿಸಬೇಕೆಂದು ಸಣ್ಣೀರಜ್ಜನನ್ನು ಕರೆಸಿದೆ. ಅವರು ಮೇಲೆ ನಡೆದರು, ಅಡುಗೆಮನೆಯ ನೇರಕ್ಕೆ ಬಂದು ನಿಂತರು, ಮತ್ತೆ ಹಿಂದಕ್ಕೆ ಹೋಗಿ ಬಂದರು. ಕೆಳಗಿಳಿದವರು ನನ್ನೊಡನೆ ಮಾತಾಡದೆ ನೇರ ಒಳಗೆ ಹೋಗಿ ನನ್ನ ಹೆಂಡತಿಗೆ ಹೇಳಿದರು:

“ತಾಯೀ, ಕೂಸು ಎತ್ಕ. ತೊಟ್ಲು ಬಿಚ್ಚು. ಈ ತೊಲಿಗೆ ಇನ್ನು ಹೂವಿನ ಸರನೂ ಕಟ್ಟಬ್ಯಾಡ.”

“ಯಾಕಜ್ಜ? ನಾನು ಆಡಿದ್ದೂ ಅದೇ ತೊಲೆಯ ತೊಟ್ಟಿಲಲ್ಲಿ,” ಎಂದೆ.

“ಅವಾಗ ಅದ್ರ ಮ್ಯಾಲೆ ಇಷ್ಟು ಭಾರ ಇರ್ಲಿಲ್ಲ ಕಣ್ರಿ ರುದ್ರಣ್ಣ. ಮಾಳಿಗೆ ಅಂದ್ರೆ ಕುರಿ ಇದ್ದಂಗೆ. ವರ್ಸಕ್ಕೊಂದು ಸಲ ಉಣ್ಣೆ ಕತ್ತರಿಸ್ಬೇಕು. ನೀವು ಮೂರು ತಲೆಯೋರು ಸೇರಿ ಉಣ್ಣೆ ಮ್ಯಾಲೆ ಕಂಬ್ಳಿ ಹೊದಿಸ್ಕಂತ ಬಂದೀರಿ.”

ಮೊದಲು ಆ ತೊಲೆಯ ಕೆಳಗೆ ಎರಡು ಆಸರೆ ಕಂಬ ನಿಲ್ಲಿಸಿದರು. ಬಳಿಕವೇ ಕೆರೆಯಲು ತೊಡಗಿದರು. ಮಣ್ಣು ಒಂದು ಮೊಳಕ್ಕಿಂತ ದಪ್ಪವಿತ್ತು. ಕಡಿದ ಅಂಚಿನಲ್ಲಿ ಪದರಗಳು ಎದ್ದು ಕಾಣುತ್ತಿದ್ದವು. “ಇದು ನಿಮ್ದು, ಇದು ನಿಮ್ಮಪ್ಪಂದು. ನಿಮ್ಮಜ್ಜ ಮಾತ್ರ ಒಳ್ಳೆ ಮಣ್ಣು ತಂದಾನೆ ನೋಡ್ರಿ,” ಎಂದು ಬೆರಳಿಟ್ಟು ತೋರಿಸಿದರು.

ಮೂರನೆಯ ದಿನ, ಒಂದು ಬದಿ ಹಗುರಾಗಿ ಇನ್ನೊಂದು ಬದಿಯಲ್ಲಿ ಭಾರ ಉಳಿದಿದ್ದಾಗ, ತೊಲೆ ಸದ್ದು ಮಾಡಿತು. ಆ ಸದ್ದು ಬೀದಿಗೆ ಕೇಳಿಸಿತು. ಜನ ಓಡಿಬಂದರು. ತೊಲೆ ನಡುವೆ ಬಾಯಿಬಿಟ್ಟು, ಆಸರೆಯ ಮೇಲೆ ಕುಸಿದು ಕುಳಿತಿತ್ತು. ನಾನು ಬೀದಿಯಲ್ಲಿ ನಿಂತು, ನನ್ನ ತಂದೆಯ ವಯಸ್ಸಿನವರನ್ನು ಹೆಸರು ಹಿಡಿದು ಕೂಗಿದೆ:

“ಲೇ ಸಣ್ಣೀರ, ನನ್ನ ಮನೆ ಮುರಿದಾಕಿದೆಯಲ್ಲೋ.”

ಊರು ಇಂದಿಗೂ ಹೇಳುವ ಮಾತು ಹುಟ್ಟಿದ್ದು ಅಲ್ಲಿ, ನನ್ನ ಬಾಯಲ್ಲಿ.

ಅವರು ಉಳಿದ ಮಣ್ಣನ್ನು ಇಳಿಸಿ, ಸಂಜೆಯ ಹೊತ್ತಿಗೆ ತೊಲೆಯನ್ನು ನೆಲಕ್ಕೆ ತಂದರು. ಜನ ಚದುರಿದ ಮೇಲೆ ನನ್ನನ್ನು ಕರೆದು, ಸೀಳಿನೊಳಗೆ ಬೆರಳಾಡಿಸಿ, ಆ ಬೆರಳನ್ನು ನನ್ನ ಅಂಗೈಗೆ ಒರೆಸಿದರು. ಅಂಗೈ ಕಪ್ಪಾಯಿತು.

“ಇವತ್ತು ಸೀಳಿದ ಮರ ಒಳಗೆ ಬೆಳ್ಳಗಿರ್ತೈತೆ. ಇದು ಒಲೆ ಮಸಿ. ಎಷ್ಟು ವರ್ಸದ ಹೊಗೆ ಇದ್ರೊಳಗೆ ಹೊಕ್ಕೈತೆ? ಓದ್ಕಂಡೋರು ನೀವು, ಹೇಳ್ರಿ.”

ಸೀಳು ಹಳೆಯದೆಂದು ಮರುದಿನವೂ ನಾನು ಬೀದಿಗೆ ಹೋಗಿ ಹೇಳಲಿಲ್ಲ. ಅಷ್ಟರಲ್ಲಿ, ಅವರಿಗೆ ಕೆಲಸ ಒಪ್ಪಿಸಿದ್ದ ಎರಡು ಮನೆಗಳವರು ಬೇಡವೆಂದು ಹೇಳಿ ಕಳಿಸಿದ್ದರು. ಅವರು ಮಾತ್ರ ನಮ್ಮ ಹೊಸ ತೊಲೆ ಏರಿಸಿ, ಜಂತೆ ಜೋಡಿಸಿ, ಒಂದೇ ಪದರ ಕರ್ಲು ಹಾಕಿ, ಒಂದು ಮಾತಿಗೂ ನಿಲ್ಲದೆ ಹೊರಟರು.

ಅವರದೊಂದು ನೇಮವಿತ್ತು. ತಾವು ಮುಚ್ಚಿದ ಮಾಳಿಗೆಯ ಕೆಳಗೆ ಮೊದಲ ಮಳೆಗೆ ತಾವೇ ಬಂದು ಕೂರುವರು. ಮಳೆ ನಿಂತ ಮೇಲೆಯೇ ಆ ಮನೆಯ ಅನ್ನ ಉಣ್ಣುವರು. ನಮ್ಮ ಮನೆಗೆ ಬರಲಾರರೆಂದೇ ನಾನು ಎಣಿಸಿದ್ದೆ. ಮೊದಲ ಮಳೆ ಮಧ್ಯಾಹ್ನ ಬಂತು. ನಾವೆಲ್ಲ ತಲೆಯೆತ್ತಿ ಮಾಳಿಗೆಯನ್ನೇ ನೋಡುತ್ತಿದ್ದಾಗ, ಬಾಗಿಲಲ್ಲಿ ತೊಯ್ದ ಕಂಬಳಿಯ ವಾಸನೆ ಬಂತು.

“ಬರ್ರಿ ಅಜ್ಜ, ಕುಂತ್ಕಳ್ರಿ,” ಎಂದಳು ನನ್ನ ಹೆಂಡತಿ.

“ಸಿಟ್ಟು ನಿನ್ನ ಗಂಡನ ಮ್ಯಾಲೆ ತಾಯೀ. ಮಾಳಿಗೆ ಏನು ಮಾಡೈತೆ?” ಎಂದು ಹೊಸ ತೊಲೆಯ ನೇರ ಕೆಳಗೆ ಕುಳಿತರು. ಹೊರಗೆ ಮಾಳಿಗೆಯ ಅಂಚಿನ ದೋಣಿಯಿಂದ ನೀರು ಧಾರೆಯಾಗಿ ಸುರಿಯಿತು. ಒಳಗೆ ಒಂದು ಹನಿಯೂ ಬೀಳಲಿಲ್ಲ.

“ಅಜ್ಜ, ಸೀಳು ಹಳೇದು. ತಪ್ಪು ನಮ್ಮ ಮನೆಯೋರ್ದು. ಕೂಗಿದ್ದು ನಾನು ಮಾಡಿದ ಪಾಪ,” ಎಂದೆ.

“ಮಳೆ ಸದ್ದು ಜಾಸ್ತಿ ಐತೆ. ಇನ್ನೊಂದು ಸಲ ಹೇಳ್ರಿ,” ಎಂದರು, ಮುಖ ಗಂಭೀರವಾಗಿಯೇ ಇಟ್ಟುಕೊಂಡು. ಇನ್ನೊಮ್ಮೆ ಹೇಳಿದೆ. ನನ್ನ ಹೆಂಡತಿ ನಕ್ಕಳು, ಬಳಿಕ ಅವರೂ ನಕ್ಕರು. ಮಳೆ ನಿಂತ ಮೇಲೆ ಎರಡು ಮುದ್ದೆ ಉಂಡರು. ಅಂದೇ ತೊಟ್ಟಿಲನ್ನು ಹೊಸ ತೊಲೆಗೆ ಅವರ ಕೈಯಿಂದಲೇ ಕಟ್ಟಿಸಿದೆವು.

ಆದರೆ ಕೂಗಿದ್ದು ಬೀದಿಯಲ್ಲಿ, ಒಪ್ಪಿಕೊಂಡದ್ದು ಮನೆಯೊಳಗೆ. ಬೀದಿಯ ಮಾತು ಬೀದಿಯಲ್ಲೇ ಉಳಿದು ಬೆಳೆಯಿತು.

ವರ್ಷಗಳು ಕಳೆದ ಮೇಲೆ ಅವರನ್ನು ಕಡೆಯ ಬಾರಿ ಕಂಡದ್ದು ನಮ್ಮ ಮನೆಯ ಏಣಿಯ ಬುಡದಲ್ಲಿ. ಹತ್ತಲು ಮಂಡಿ ಬಿಡುತ್ತಿರಲಿಲ್ಲ. ಮೇಲೆ ಬರಿಗಾಲಿನಲ್ಲಿ ನಡೆದವನು ನಾನು.

“ಏನು ಕೇಳಿಸ್ತು?”

“ಏನೂ ಇಲ್ಲ ಅಜ್ಜ.”

“ಹಂಗಾದ್ರೆ ಮನೆ ಸುಖವಾಗೈತೆ. ಇಳೀರಿ,” ಎಂದರು. ಮುಂದಿನ ಬೇಸಗೆಗೆ ಅವರಿರಲಿಲ್ಲ.

ಆ ಹಳೆಯ ತೊಲೆಯನ್ನು ನಾನು ಒಲೆಗೆ ಹಾಕಲಿಲ್ಲ. ಎರಡು ಕಲ್ಲುಗಳ ಮೇಲಿಟ್ಟು ಪಡಸಾಲೆಯಲ್ಲಿ ಕೂರುವ ಆಸನ ಮಾಡಿಕೊಂಡಿದ್ದೇವೆ. ಮೇಲ್ಭಾಗ ಕುಳಿತು ಕುಳಿತು ನುಣುಪಾಗಿದೆ. ಸೀಳನ್ನು ತೊಳೆಯಲು ಮಾತ್ರ ಯಾರಿಗೂ ಬಿಟ್ಟಿಲ್ಲ. ಹಗಲೆಲ್ಲ ನಮ್ಮ ಬಾಗಿಲು ತೆರೆದಿರುತ್ತದೆ. ನನ್ನ ಮಾತನ್ನೂ ನಂಬಬೇಕಾಗಿಲ್ಲ. ಬಂದು ಸೀಳಿನೊಳಗೆ ಬೆರಳಿಟ್ಟು, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿ.